ಬಾಲ್ಟಿಮೋರ್‌ನ ಪಾಳು ಸಾಲುಮನೆಗಳು: ಒಂದನ್ನು ಕೆಡವಬೇಕಾ, ಇಡೀ ಸಾಲನ್ನಾ?

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಳೇ ಕಾಲದ ಕಾರ್ಮಿಕರ ಮನೆ ಅಂದರೆ ಸಾಲುಮನೆ. ಅಗಲ ಹನ್ನೆರಡೋ ಹದಿನಾಲ್ಕೋ ಅಡಿ. ಎರಡು ಅಂತಸ್ತು, ಕೆಲವು ಕಡೆ ಮೂರು. ಇಟ್ಟಿಗೆ ಗೋಡೆ, ಮುಂದೆ ಮೂರ್ನಾಲ್ಕು ಬಿಳಿ ಅಮೃತಶಿಲೆಯ ಮೆಟ್ಟಿಲು. ಬಡವರ ಮನೆಗೂ ಅಮೃತಶಿಲೆಯಾ ಅಂತ ಅಚ್ಚರಿ ಆಗಬಹುದು. ಊರಿನ ಪಕ್ಕದ ಕಾಕೀಸ್‌ವಿಲ್‌ನಲ್ಲೇ ಆ ಕಲ್ಲು ಸಿಗುತ್ತಿತ್ತು, ಅಷ್ಟೇ. ಆ ಮೆಟ್ಟಿಲುಗಳನ್ನು ಮಂಡಿಯೂರಿ ಕೂತು ಉಜ್ಜಿ ತೊಳೆಯುವುದು ಅಲ್ಲಿನ ಹೆಂಗಸರಿಗೆ ಮರ್ಯಾದೆಯ ಪ್ರಶ್ನೆ ಆಗಿತ್ತು.

ಈ ಮನೆಗಳ ನಡುವೆ ಸಂದು ಇರುವುದಿಲ್ಲ. ನಮ್ಮ ಹಳೇ ವಠಾರದ ಮನೆಗಳ ಹಾಗೆ ಎರಡು ಮನೆಗೆ ಒಂದೇ ಗೋಡೆ. ಎಡಗಡೆ ಗೋಡೆ ಎಡಗಡೆಯವರದೂ ಹೌದು, ನಿಮ್ಮದೂ ಹೌದು. ಚಾವಣಿ ಮತ್ತು ನೆಲವನ್ನು ಹೊರುವ ಮರದ ಜಂತೆಗಳ ಎರಡೂ ತುದಿ ಈ ಜಂಟಿ ಗೋಡೆಗಳೊಳಗೆ ಕೂತಿರುತ್ತವೆ.

ಈಗ ಹತ್ತು ಮನೆ ಸಾಲಿನಲ್ಲಿ ನಾಲ್ಕನೆಯದು ಖಾಲಿ ಬಿತ್ತು ಅಂದುಕೊಳ್ಳಿ. ಮಳೆನೀರಿನ ಪೈಪು ಕಟ್ಟಿಕೊಳ್ಳುತ್ತದೆ. ಬಿಡಿಸುವವರಿಲ್ಲ. ಚಪ್ಪಟೆ ಚಾವಣಿಯ ಮೇಲೆ ನೀರು ನಿಂತು ಒಳಗೆ ಇಳಿಯುತ್ತದೆ. ಮೊದಲು ಮೇಲಿನ ಜಂತೆಗಳ ತುದಿ ಕೊಳೆಯುತ್ತದೆ. ಆಮೇಲೆ ಚಾವಣಿಯ ಒಂದು ಮೂಲೆ ಬಾಯಿ ಬಿಡುತ್ತದೆ. ಅಲ್ಲಿಂದ ಮುಂದೆ ಕೆಲವೇ ಮಳೆಗಾಲ, ಚಳಿಗಾಲ ಸಾಕು. ಮೇಲಿನ ನೆಲ ಕೆಳಗಿನ ನೆಲದ ಮೇಲೆ ಬೀಳುತ್ತದೆ. ಜಂತೆಗಳು ಹೋದರೆ ಗೋಡೆಗಳನ್ನು ಒಳಗಿನಿಂದ ಹಿಡಿದಿಡುವುದು ಏನೂ ಇಲ್ಲ. ಮುಂದಿನ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ರಸ್ತೆಗೆ ವಾಲುತ್ತದೆ. ಇಷ್ಟು ಹೊತ್ತಿಗೆ ಮೂರನೇ ಮನೆಯವರ ಮಲಗುವ ಕೋಣೆಯ ಗೋಡೆ ತೇವದಿಂದ ಕಪ್ಪಾಗಿರುತ್ತದೆ. ಐದನೇ ಮನೆಗೆ ಇಲಿ ನುಗ್ಗಿರುತ್ತದೆ. ಇಬ್ಬರಲ್ಲಿ ಒಬ್ಬರು ಮನೆ ಬಿಟ್ಟರೆ ಪಾಳು ಮನೆ ಒಂದಲ್ಲ, ಎರಡು.

ಪಾಳು ಮನೆ ಅಂದರೆ ನೋಡೋಕೆ ಚೆನ್ನಾಗಿಲ್ಲ ಅನ್ನುವಷ್ಟೇ ಅಲ್ಲ. 2016ರ ಮಾರ್ಚ್‌ನಲ್ಲಿ ಪಶ್ಚಿಮ ಬಾಲ್ಟಿಮೋರ್‌ನಲ್ಲಿ ಜೋರು ಗಾಳಿಗೆ ಒಂದು ಖಾಲಿ ಮನೆ ಕುಸಿಯಿತು. ಪಕ್ಕದಲ್ಲಿ ನಿಂತಿದ್ದ ಕಾರಿನಲ್ಲಿ ಕೂತಿದ್ದ 69 ವರ್ಷದವರೊಬ್ಬರು ಸತ್ತರು. 2022ರ ಜನವರಿ 24ರಂದು ಸೌತ್ ಸ್ಟ್ರಿಕರ್ ಸ್ಟ್ರೀಟ್‌ನ ಖಾಲಿ ಮನೆಗೆ ಬೆಂಕಿ ಬಿತ್ತು. ಆರಿಸಲು ಒಳಗೆ ಹೋದವರ ಮೇಲೆ ಮನೆ ಕುಸಿದು ಅಗ್ನಿಶಾಮಕ ದಳದ ಮೂವರು ತೀರಿಕೊಂಡರು. ಅದೇ ಮನೆ 2015ರಲ್ಲೂ ಹೊತ್ತಿಕೊಂಡು ಅಲ್ಪಸ್ವಲ್ಪ ಕುಸಿದಿತ್ತು, ಆಗಲೂ ಇಲಾಖೆಯವರಿಗೆ ಗಾಯವಾಗಿತ್ತು. ಏಳು ವರ್ಷ ಆ ಮನೆ ಹಾಗೇ ನಿಂತಿತ್ತು.

ಇಂಥ ಮನೆ ಅಲ್ಲಿ ಎಷ್ಟಿವೆ? ವಾಸಕ್ಕೆ ಯೋಗ್ಯವಲ್ಲ ಅಂತ ಪಾಲಿಕೆ ನೋಟಿಸ್ ಕೊಟ್ಟ ಖಾಲಿ ಕಟ್ಟಡಗಳ ಲೆಕ್ಕ ವರ್ಷಗಟ್ಟಲೆ ಸುಮಾರು 16,000ದ ಆಸುಪಾಸಿನಲ್ಲೇ ಇತ್ತು. ಈಚೆಗೆ 13,000ಕ್ಕಿಂತ ಕೆಳಗೆ ಇಳಿದಿದೆ. ಖಾಲಿ ಇದ್ದರೂ ಬಾಗಿಲು ಕಿಟಕಿ ಗಟ್ಟಿಯಿರುವ ಮನೆಗಳು ಈ ಲೆಕ್ಕದೊಳಗೆ ಬರುವುದಿಲ್ಲ.

ಯಾಕೆ ಹೀಗಾಯಿತು ಅನ್ನುವುದು ದೊಡ್ಡ ಕಥೆ, ಬೇಗ ಹೇಳಿಬಿಡುತ್ತೇನೆ. 1950ರಲ್ಲಿ ಊರಿನ ಜನಸಂಖ್ಯೆ 9,49,708. 2020ರಲ್ಲಿ 5,85,708. ಸ್ಪಾರೋಸ್ ಪಾಯಿಂಟ್‌ನ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ 30,000 ಜನ ದುಡಿಯುತ್ತಿದ್ದರು. 2012ರಲ್ಲಿ ಅದು ಪೂರ್ತಿ ಬಾಗಿಲು ಹಾಕಿತು. ಇನ್ನೊಂದು ಕಡೆ ಬಣ್ಣದ ರಾಜಕೀಯ. ಯಾವ ಬೀದಿಯಲ್ಲಿ ಬಿಳಿಯರು, ಯಾವ ಬೀದಿಯಲ್ಲಿ ಕಪ್ಪು ಜನ ಇರಬೇಕು ಅಂತ 1910ರಲ್ಲೇ ಕಾನೂನು ಮಾಡಿದ ಊರು ಇದು. ಅಂಥ ಕಾನೂನು ನಡೆಯಲ್ಲ ಅಂತ 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆದರೆ 1930ರ ದಶಕದ ಗೃಹಸಾಲದ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದರು. ಕೆಂಪು ಅಂದರೆ ಸಾಲ ಕೊಡಬೇಡಿ ಅಂತ. ಸಾಲ ಸಿಗದ ಮನೆಗೆ ರಿಪೇರಿ ಆಗಲ್ಲ, ಕೊಳ್ಳುವವರೂ ಬರಲ್ಲ. ಇವತ್ತು ಪಾಳು ಮನೆ ಜಾಸ್ತಿ ಇರುವ ಜಾಗಗಳನ್ನು ಆ ನಕ್ಷೆಯ ಮೇಲಿಟ್ಟು ನೋಡಿದರೆ ಬಹಳ ಕಡೆ ಎರಡೂ ಒಂದರ ಮೇಲೊಂದು ಕೂರುತ್ತವೆ.

ಸರಿ, ಪಾಳು ಬಿದ್ದಿದೆ, ಪಾಲಿಕೆ ಕೊಂಡು ಕೆಡವಲಿ, ಅದಕ್ಕೇನು ಕಷ್ಟ? ಜೆಸಿಬಿ ಬಂದರೆ ಇಂಥ ಮನೆ ಬೀಳಿಸಲು ತುಂಬಾ ಹೊತ್ತು ಬೇಡ. ಮೊದಲ ತೊಡಕು ಖಾತೆಯದು.

ಈ ಮನೆಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಪಾಲಿಕೆಯವಲ್ಲ, ಖಾಸಗಿಯವರವು. ಖಾಸಗಿಯವರು ಅಂದರೆ ಯಾರು? ಒಂದು ಮನೆ ತೀರಿಕೊಂಡ ಅಜ್ಜಿಯ ಹೆಸರಲ್ಲೇ ಇದೆ. ನಮ್ಮಲ್ಲಿ ಪೌತಿ ಖಾತೆ ಮಾಡಿಸದೆ ಬಿಟ್ಟ ಹಾಗೆ. ಮೊಮ್ಮಕ್ಕಳು ನಾಲ್ಕು ರಾಜ್ಯಗಳಲ್ಲಿ ಚದುರಿದ್ದಾರೆ, ಸಹಿ ಹಾಕಿಸಲು ಯಾರನ್ನು ಹುಡುಕುವುದು? ಇನ್ನೊಂದು ಮನೆ ಹೆಸರಿಗೆ ಮಾತ್ರ ಇರುವ ಒಂದು ಕಂಪನಿಯದು. ವಿಳಾಸ ಅಂಚೆಪೆಟ್ಟಿಗೆಯದು. ಮತ್ತೊಂದರ ಮೇಲೆ ಕಂದಾಯ, ನೀರಿನ ಬಿಲ್ಲು, ದಂಡ ಎಲ್ಲ ಸೇರಿ ಮನೆಯ ಬೆಲೆಗಿಂತ ಜಾಸ್ತಿ ಬಾಕಿ ಕೂತಿದೆ.

ಇದರ ಮೇಲೆ ಬಾಲ್ಟಿಮೋರ್‌ಗೇ ಅಂಟಿಕೊಂಡ ಒಂದು ವಿಚಿತ್ರ ಇದೆ: ನೆಲಬಾಡಿಗೆ. ಮನೆ ನಿಮ್ಮದು, ಮನೆ ನಿಂತ ನೆಲ ಬೇರೆಯವರದು. 99 ವರ್ಷದ ಗುತ್ತಿಗೆ, ಮುಗಿದರೆ ಮತ್ತೆ 99. ಬಾಡಿಗೆ ವರ್ಷಕ್ಕೆ ಕೆಲವು ಡಜನ್ ಡಾಲರ್‌ನಿಂದ ಒಂದೆರಡು ನೂರು ಡಾಲರ್ ಅಷ್ಟೇ. ಈ ಚಿಲ್ಲರೆ ಬಾಕಿ ಕಟ್ಟಲಿಲ್ಲ ಅಂತ ಜನ ಇಡೀ ಮನೆಯನ್ನೇ ಕಳೆದುಕೊಂಡದ್ದನ್ನು ಅಲ್ಲಿನ ಪತ್ರಿಕೆ 2006ರಲ್ಲಿ ಬಯಲಿಗೆಳೆಯಿತು. ಮುಂದಿನ ವರ್ಷವೇ ರಾಜ್ಯ ಕಾನೂನು ತಿದ್ದಿತು. ಆದರೆ ಹಳೇ ಗುತ್ತಿಗೆಗಳು ಇನ್ನೂ ಇವೆ. ಒಂದು ಪಾಳು ಮನೆ ಕೊಳ್ಳಲು ಹೋದ ಪಾಲಿಕೆ ಮನೆಯ ವಾರಸುದಾರರನ್ನೂ ಹುಡುಕಬೇಕು, ನೆಲದ ವಾರಸುದಾರರನ್ನೂ ಹುಡುಕಬೇಕು.

ಹಳೇ ಪದ್ಧತಿಯಲ್ಲಿ ಬಾಕಿ ಕಂದಾಯವನ್ನು ಪಾಲಿಕೆ ವರ್ಷಕ್ಕೊಮ್ಮೆ ಹರಾಜು ಹಾಕುತ್ತಿತ್ತು. ಬಾಕಿ ತೀರಿಸಿದವನಿಗೆ ಆ ಸಾಲ ವಸೂಲಿ ಮಾಡುವ ಹಕ್ಕು, ವಸೂಲಾಗದಿದ್ದರೆ ಕೋರ್ಟಿನ ಮೂಲಕ ಮನೆಯನ್ನೇ ಪಡೆಯುವ ಹಕ್ಕು. ಒಳ್ಳೆ ಮನೆಯ ಬಾಕಿಗೆ ಗಿರಾಕಿ ಇದ್ದರು. ಪಾಳು ಮನೆಯದನ್ನು ಯಾರು ಕೊಳ್ಳುತ್ತಾರೆ? ಅಂದರೆ ಈ ವ್ಯವಸ್ಥೆ ಮುಳುಗುವ ಮನೆಗಳನ್ನು ಹಾಗೇ ಬಿಟ್ಟು, ಉಳಿಸಬಹುದಾಗಿದ್ದ ಬಡವರ ಮನೆಗಳನ್ನು ಕಿತ್ತುಕೊಳ್ಳುತ್ತಿತ್ತು. ಈಚಿನ ವರ್ಷಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ಬಾಕಿ ಮನೆಯ ಬೆಲೆಗಿಂತ ಜಾಸ್ತಿಯಾಗಿ, ಮನೆ ಪಾಳು ಬಿದ್ದಿದ್ದರೆ ಪಾಲಿಕೆ ನೇರ ಕೋರ್ಟಿಗೆ ಹೋಗಿ, ಮಾಲೀಕನ ಮೇಲಲ್ಲ, ಆಸ್ತಿಯ ಮೇಲೇ ದಾವೆ ಹೂಡಿ ಮನೆಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಬಹುದು. ರಿಬ್ಬನ್ ಕತ್ತರಿಸುವ ಕೆಲಸವಲ್ಲವಾದ್ದರಿಂದ ಈ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ನನ್ನ ಪ್ರಕಾರ ಬುಲ್ಡೋಜರ್‌ಗಿಂತ ಈ ಕಾನೂನೇ ದೊಡ್ಡ ಯಂತ್ರ.

ಖಾತೆ ಸಿಕ್ಕಿತು ಅನ್ನಿ. ಈಗ ಆ ನಾಲ್ಕನೇ ಮನೆ ಕೆಡವಬಹುದಾ? ಕೆಡವಿದರೆ ಮೂರು ಮತ್ತು ಐದರ ಪಕ್ಕದ ಗೋಡೆಗಳು ಮೊದಲ ಸಲ ಬಿಸಿಲು ಮಳೆ ನೋಡುತ್ತವೆ. ಆ ಗೋಡೆಗಳನ್ನು ಕಟ್ಟಿದ್ದು ಹೊರಗೆ ನಿಲ್ಲಲಿ ಅಂತಲ್ಲ. ಮುಂದಿನ ಗೋಡೆಗೆ ಗಟ್ಟಿ ಇಟ್ಟಿಗೆ ಹಾಕಿ, ಒಳಗಿನ ಗೋಡೆಗಳಿಗೆ ಸರಿಯಾಗಿ ಬೇಯದ ಮೆತ್ತನೆ ಇಟ್ಟಿಗೆ ಬಳಸಿದ್ದಾರೆ. ಆ ಇಟ್ಟಿಗೆ ನೀರು ಕುಡಿಯುತ್ತದೆ, ಚಳಿಗೆ ಹೆಪ್ಪುಗಟ್ಟಿ ಉದುರುತ್ತದೆ. ಅದಕ್ಕೆ ಕೆಡವಿದ ಮೇಲೆ ಎರಡೂ ಬದಿಗೆ ಗಾರೆ ಮಾಡಬೇಕು, ಜಂತೆಯ ತೂತು ಮುಚ್ಚಬೇಕು, ಗೋಡೆ ವಾಲುವಂತಿದ್ದರೆ ಊರುಗೋಲು ಕೊಡಬೇಕು. ಹಾಗಾಗಿ ಸಾಲಿನ ನಡುವಿನ ಒಂದೇ ಮನೆ ಬಿಡಿಸುವುದು, ತಲಾ ಮನೆಗೆ ಲೆಕ್ಕ ಹಾಕಿದರೆ, ಇಡೀ ಸಾಲು ಕೆಡವುವುದಕ್ಕಿಂತ ದುಬಾರಿ. ಬಿಟ್ಟ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ. ಹನ್ನೆರಡು ಅಡಿ ಸೈಟಿನಲ್ಲಿ ಮತ್ತೆ ಒಂದೇ ಮನೆ ಕಟ್ಟಲು ಯಾವ ಬಿಲ್ಡರೂ ಬರಲ್ಲ.

ಡೆಟ್ರಾಯಿಟ್ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟ. 2013ರಲ್ಲಿ ದಿವಾಳಿ ಅರ್ಜಿ ಹಾಕಿದ ಆ ಊರಿನಲ್ಲಿ ಮರುವರ್ಷದ ಸರ್ವೇ 40,000ಕ್ಕೂ ಮೇಲ್ಪಟ್ಟು ಪಾಳು ಕಟ್ಟಡಗಳನ್ನು ಎಣಿಸಿತು. ಅಲ್ಲಿ ಸಾವಿರಾರು ಮನೆ ಕೆಡವಿದರು. 2020ರಲ್ಲಿ ಪಾಳು ಮನೆಗಳನ್ನು ಕೆಡವಲು, ಕೆಲವನ್ನು ಉಳಿಸಲು ಅಂತ 25 ಕೋಟಿ ಡಾಲರ್ ಬಾಂಡ್‌ಗೆ ಮತದಾರರೇ ಒಪ್ಪಿಗೆ ಕೊಟ್ಟರು. ಆದರೆ ಡೆಟ್ರಾಯಿಟ್‌ನ ಮನೆಗಳು ಬಿಡಿಬಿಡಿ. ನಾಲ್ಕನೇ ಮನೆ ಹೋದರೆ ಮೂರನೆಯದಕ್ಕೆ ಏನೂ ಆಗಲ್ಲ. ಇನ್ನೂ ಒಳ್ಳೇದೇ, ಖಾಲಿಯಾದ ಪಕ್ಕದ ಸೈಟನ್ನು ಅಲ್ಲಿನ ಲ್ಯಾಂಡ್ ಬ್ಯಾಂಕ್, ಅಂದರೆ ಪಾಳು ಆಸ್ತಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, 100 ಡಾಲರಿಗೆ ಪಕ್ಕದವರಿಗೇ ಕೊಡುತ್ತದೆ. ಅವರು ತರಕಾರಿ ಹಾಕಿಕೊಳ್ಳಬಹುದು, ಕಾರು ನಿಲ್ಲಿಸಬಹುದು. ಬಾಲ್ಟಿಮೋರ್‌ನಲ್ಲಿ ಈ ಲೆಕ್ಕ ನಡೆಯಲ್ಲ. ಅಲ್ಲಿ ಕೆಡವುವುದಾದರೂ ಸರಿ, ರಿಪೇರಿ ಮಾಡುವುದಾದರೂ ಸರಿ, ಲೆಕ್ಕ ಹಾಕಬೇಕಾದ್ದು ಮನೆಯನ್ನಲ್ಲ, ಸಾಲನ್ನು. ಹಿಂದಿನ ಬಹಳಷ್ಟು ಯೋಜನೆಗಳು ಎಡವಿದ್ದು ಇಲ್ಲೇ.

ಆದರೆ ಇಡೀ ಸಾಲು ಅಂದ ತಕ್ಷಣ ಬೇರೆಯೇ ತೊಡಕು. ಹತ್ತು ಮನೆಯಲ್ಲಿ ಏಳು ಖಾಲಿ ಇದ್ದರೂ ಮೂರರಲ್ಲಿ ಜನ ಇದ್ದಾರೆ. ಎಲ್ಲರೂ ಬಿಟ್ಟು ಹೋದಾಗಲೂ ಬಿಡದೆ, ಕಂದಾಯ ಕಟ್ಟಿಕೊಂಡು, ಮೆಟ್ಟಿಲು ತೊಳೆದುಕೊಂಡು ಉಳಿದವರು. ಸಾಲು ಕೆಡವಬೇಕು ಅಂದರೆ ಮೊದಲು ಎಬ್ಬಿಸಬೇಕಾದ್ದು ಅವರನ್ನೇ.

ಇದು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಉತ್ತರಕ್ಕಿರುವ ಬಡಾವಣೆಯಲ್ಲಿ. ಅದರ ಹೆಸರೇ ಮಿಡಲ್ ಈಸ್ಟ್. ಮಾರ್ಟಿನ್ ಓಮಾಲಿ ಮೇಯರ್ ಆಗಿದ್ದಾಗ, 2001ರಲ್ಲಿ ಯೋಜನೆ ಹೊರಬಿತ್ತು. 80 ಎಕರೆಗೂ ಜಾಸ್ತಿ ಜಾಗ, ಬಯೋಟೆಕ್ ಪಾರ್ಕು, ಸಾವಿರಾರು ಕೆಲಸ, ಹೊಸ ಮನೆಗಳು. ತಮ್ಮ ಮನೆ ಹೋಗುತ್ತದೆ ಅನ್ನುವ ಸುದ್ದಿ ಪತ್ರಿಕೆ ಓದಿ ಗೊತ್ತಾಯಿತು ಅಂತ ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಸಿಟ್ಟಿನಿಂದ ಒಂದು ಸಮಿತಿ ಕಟ್ಟಿದರು. ಯೋಜನೆ ನಡೆಸಲು 2003ರಲ್ಲಿ ಬೇರೆಯೇ ಒಂದು ಸಂಸ್ಥೆ ಹುಟ್ಟಿತು. ಕೊನೆಗೆ 700ಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು.

ಇಲ್ಲಿ ಬೆಲೆಯ ವಿಚಾರ ಸ್ವಲ್ಪ ನಿಧಾನವಾಗಿ ನೋಡಬೇಕು. ಪಾಳು ಬೀದಿಯಲ್ಲಿರುವ ಮನೆಯ ಮಾರುಕಟ್ಟೆ ಬೆಲೆ ತೀರಾ ಕಡಿಮೆ. ಕಾನೂನಿನ ಪ್ರಕಾರ ಆ ಬೆಲೆ ಕೊಟ್ಟರೆ ನ್ಯಾಯ ಆಯಿತು ಅಂತ ಲೆಕ್ಕ. ಆದರೆ ಆ ದುಡ್ಡಿಗೆ ಊರಿನ ಬೇರೆ ಕಡೆ ಅಂಥದೇ ಮನೆ ಬರುವುದಿಲ್ಲ. ಸಾಲ ತೀರಿಸಿ ಸ್ವಂತ ಮಾಡಿಕೊಂಡ ಅಜ್ಜಿಗೆ ಎಪ್ಪತ್ತನೇ ವಯಸ್ಸಿನಲ್ಲಿ ಮತ್ತೆ ಗೃಹಸಾಲ ತಗೋ ಅನ್ನೋಕಾಗುತ್ತಾ? ಸಮಿತಿಯವರು ಹಿಡಿದ ಪಟ್ಟು ಇದೇ: ಬೆಲೆ ಬೇಡ, ಮನೆಗೆ ಮನೆ ಕೊಡಿ. ಕಾನೂನಿನ ಪರಿಹಾರದ ಮೇಲೆ ಆನಿ ಇ. ಕೇಸಿ ಫೌಂಡೇಶನ್ ಅನ್ನುವ ದತ್ತಿ ಸಂಸ್ಥೆ ಇನ್ನಷ್ಟು ಹಣ ಸೇರಿಸಿತು. ಹೋದವರಲ್ಲಿ ಬಹಳ ಮಂದಿಗೆ ಮೊದಲಿಗಿಂತ ಒಳ್ಳೆಯ ಮನೆ ಸಿಕ್ಕಿತು ಅನ್ನುವುದು ನಿಜ. ಬೇಕಾದರೆ ವಾಪಸ್ ಬರಬಹುದು ಅಂತ ಮಾತೂ ಕೊಟ್ಟಿದ್ದರು. ಬಂದವರು ತೀರಾ ಕಡಿಮೆ. ಮನೆ ಎದ್ದು ನಿಲ್ಲುವಷ್ಟರಲ್ಲಿ ವರ್ಷಗಳು ಕಳೆದಿದ್ದವು, ಮಕ್ಕಳು ಬೇರೆ ಶಾಲೆಯಲ್ಲಿದ್ದರು, ಅಕ್ಕಪಕ್ಕದವರು ಎಲ್ಲೋ ಹೋಗಿದ್ದರು.

2008ರಲ್ಲಿ ಮೊದಲ ಬಯೋಟೆಕ್ ಕಟ್ಟಡ ತೆರೆಯಿತು. ಅದೇ ವರ್ಷ ಅಮೆರಿಕದ ಆರ್ಥಿಕತೆ ಕುಸಿಯಿತು. ಕೆಡವಿದ ಜಾಗಗಳು ವರ್ಷಗಟ್ಟಲೆ ಹುಲ್ಲು ಬೆಳೆಸಿಕೊಂಡು ಕೂತವು. 2014ರಲ್ಲಿ ಶಾಲೆ ಬಂತು, 2017ರಲ್ಲಿ ಈಗರ್ ಪಾರ್ಕು ಬಂತು. ಈಗ ಹೋಗಿ ನೋಡಿದರೆ ಜಾಗ ಚೆನ್ನಾಗಿದೆ. ಬಡಾವಣೆಯನ್ನೂ ಈಗ ಈಗರ್ ಪಾರ್ಕ್ ಅಂತಲೇ ಕರೆಯುತ್ತಾರೆ. ಜಾಗ ಸುಧಾರಿಸಿತಾ ಅಂದರೆ ಹೌದು. ಅಲ್ಲಿದ್ದವರಿಗೆ ಸುಧಾರಿಸಿತಾ ಅಂದರೆ ಉತ್ತರ ಅಷ್ಟು ಸಲೀಸಲ್ಲ.

ಮಿಡಲ್ ಈಸ್ಟ್ ಸಮಿತಿಯವರು ಗೆದ್ದ ಇನ್ನೊಂದು ಜಗಳ ಧೂಳಿನದು. ಹಳೇ ಮನೆಗಳ ಬಣ್ಣದಲ್ಲಿ ಸೀಸ ಇರುತ್ತದೆ. ಮನೆಯೊಳಗೆ ಸೀಸದ ಬಣ್ಣ ಬಳಿಯಬಾರದು ಅಂತ ಬಾಲ್ಟಿಮೋರ್ 1951ರಲ್ಲೇ ತಡೆ ಹಾಕಿತ್ತು. ದೇಶಕ್ಕೆ ಆ ಬುದ್ಧಿ ಬಂದದ್ದು 1978ಕ್ಕೆ. ಆದರೆ ಗೋಡೆಯ ಮೇಲಿದ್ದದ್ದು ಹಾಗೇ ಇತ್ತು. ಜೆಸಿಬಿ ಒಂದು ಏಟು ಕೊಟ್ಟರೆ ಆ ಸೀಸ ಧೂಳಾಗಿ ಪಕ್ಕದ ಮನೆಯ ಕಿಟಕಿಗೆ, ಮಕ್ಕಳು ತೆವಳುವ ನೆಲಕ್ಕೆ ಬಂದು ಕೂರುತ್ತದೆ. ಮಕ್ಕಳ ಮಿದುಳಿಗೆ ಅದು ವಿಷ. ಹಾಗಾಗಿ ಕೆಡವುವಾಗ ನೀರು ಹೊಡೆಯಬೇಕು, ಸುತ್ತ ಬೇಲಿ ಹಾಕಬೇಕು, ಲಾರಿಗೆ ಟಾರ್ಪಾಲು ಮುಚ್ಚಬೇಕು, ಕೆಡವುವ ದಿನ ಅಕ್ಕಪಕ್ಕದವರಿಗೆ ಮೊದಲೇ ತಿಳಿಸಬೇಕು ಅಂತ ಕಟ್ಟುಪಾಡು ಬಂತು. ಕೇಳೋಕೆ ಸಣ್ಣ ವಿಷಯ ಅನ್ನಿಸುತ್ತೆ ಅಲ್ವಾ? ಸುಮ್ನೆ ಬಂದದ್ದಲ್ಲ, ಜನ ಬೀದಿಯಲ್ಲಿ ನಿಂತು ಕೇಳಿದ ಮೇಲೆ ಬಂದದ್ದು.

ಪಶ್ಚಿಮ ಬಾಲ್ಟಿಮೋರ್‌ನವರಿಗೆ ಬುಲ್ಡೋಜರ್ ಅಂದರೆ ಹಳೇ ಗಾಯ. 1960ರ ದಶಕದ ಕೊನೆಯಿಂದ 1970ರ ದಶಕದವರೆಗೆ ಹೆದ್ದಾರಿಗೆ ಅಂತ 971 ಮನೆ, 62 ಅಂಗಡಿ ಕೆಡವಿದರು. 1,500 ಜನ ಎದ್ದು ಹೋದರು. ಹೆದ್ದಾರಿ ಮಾತ್ರ ಪೂರ್ತಿ ಆಗಲೇ ಇಲ್ಲ. ಒಂದೂವರೆ ಮೈಲಿಗೂ ಕಡಿಮೆ ಉದ್ದದ ಆ ಹಳ್ಳವನ್ನು ಊರಿನವರು 'ಎಲ್ಲಿಗೂ ಹೋಗದ ಹೆದ್ದಾರಿ' ಅಂತಲೇ ಕರೆಯುತ್ತಾರೆ. ಆಮೇಲೆ 1990ರ ದಶಕದಲ್ಲಿ ಸ್ಯಾಂಡ್‌ಟೌನ್-ವಿಂಚೆಸ್ಟರ್‌ನಲ್ಲಿ ಮೇಯರ್ ಕರ್ಟ್ ಶ್ಮೋಕ್ ಮತ್ತು ದೊಡ್ಡ ಬಿಲ್ಡರ್ ಜೇಮ್ಸ್ ರೌಸ್ ಅವರ ಸಂಸ್ಥೆ ಸೇರಿ 13 ಕೋಟಿ ಡಾಲರಿಗೂ ಜಾಸ್ತಿ ಸುರಿದರು. ನೂರಾರು ಮನೆ ಎದ್ದವು. ಕೆಲಸ ಬರಲಿಲ್ಲ, ಅಂಗಡಿ ಬರಲಿಲ್ಲ. 2015ರ ಏಪ್ರಿಲ್‌ನಲ್ಲಿ ಫ್ರೆಡ್ಡಿ ಗ್ರೇ ಅನ್ನುವ ಕಪ್ಪು ಯುವಕ ಪೊಲೀಸ್ ವಶದಲ್ಲಿ ಗಾಯಗೊಂಡು ಸತ್ತಾಗ ಊರು ಹೊತ್ತಿಕೊಂಡಿತಲ್ಲ, ಅವನನ್ನು ಪೊಲೀಸರು ಹಿಡಿದದ್ದು ಇದೇ ಬಡಾವಣೆಯಲ್ಲಿ.

ಮರುವರ್ಷ ಜನವರಿಯಲ್ಲಿ ಗವರ್ನರ್ ಲ್ಯಾರಿ ಹೋಗನ್ ಅದೇ ಸ್ಯಾಂಡ್‌ಟೌನ್‌ನಲ್ಲಿ ನಿಂತು ಪ್ರಾಜೆಕ್ಟ್ ಕೋರ್ ಅನ್ನುವ ಯೋಜನೆ ಘೋಷಿಸಿದರು. ನಾಲ್ಕು ವರ್ಷಕ್ಕೆ ರಾಜ್ಯದಿಂದ 7.5 ಕೋಟಿ ಡಾಲರ್, ಮುಖ್ಯವಾಗಿ ಕೆಡವಲು. ತಮಾಷೆ ನೋಡಿ, ಕೆಡವುವ ಉಸ್ತುವಾರಿ ಹೋದದ್ದು ಸ್ಟೇಡಿಯಂ ಕಟ್ಟುವ ಸರ್ಕಾರಿ ಸಂಸ್ಥೆಗೆ. ಸಾಲು ಸಾಲಾಗಿ ಕೆಡವಿದ್ದು ಸರಿಯಾದ ಕ್ರಮವೇ. ಆದರೆ ಕೆಡವಿದ ಜಾಗದಲ್ಲಿ ಏನು ಬರಬೇಕು ಅನ್ನುವುದಕ್ಕೆ ಅಷ್ಟು ಅವಸರ ಇರಲಿಲ್ಲ. ಬಹಳ ಕಡೆ ಬಂದದ್ದು ಹುಲ್ಲು.

ಹಾಗಂತ ಹುಲ್ಲನ್ನು ಹೀಗಳೆಯುವುದೂ ಬೇಡ. ಪಕ್ಕದ ಫಿಲಡೆಲ್ಫಿಯಾದಲ್ಲಿ ಖಾಲಿ ಸೈಟಿನ ಕಸ ತೆಗೆದು, ಹುಲ್ಲು ಬಿತ್ತಿ, ಒಂದೆರಡು ಗಿಡ ನೆಟ್ಟು, ಸುತ್ತ ಮೊಣಕಾಲೆತ್ತರದ ಮರದ ಬೇಲಿ ಹಾಕಿದರು. ಬಡ ಬಡಾವಣೆಗಳಲ್ಲಿ ಅಂಥ ಸೈಟುಗಳ ಸುತ್ತ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿಯಿತು ಅಂತ 2018ರ ಅಧ್ಯಯನ ಹೇಳುತ್ತದೆ. ಅದೇ ಊರಿನಲ್ಲಿ ಪಾಳು ಮನೆಗಳಿಗೆ ಪ್ಲೈವುಡ್ ಬಡಿಯುವ ಬದಲು ನಿಜವಾದ ಬಾಗಿಲು ಕಿಟಕಿ ಕೂರಿಸಿ ಅಂತ ಮಾಲೀಕರಿಗೆ ಕಡ್ಡಾಯ ಮಾಡಿದರು. ಅಲ್ಲೂ ಗುಂಡಿನ ಸದ್ದು ಕಡಿಮೆಯಾಯಿತು. ಅಂದರೆ ಕೆಡವದೆಯೂ ಒಂದಷ್ಟು ಲಾಭ ಸಿಗುತ್ತದೆ, ಅದೂ ಅಗ್ಗದಲ್ಲಿ. ಆದರೆ ಹುಲ್ಲು ಕತ್ತರಿಸುವವರು ಪ್ರತಿ ತಿಂಗಳೂ ಬರಬೇಕು. ಬರುವುದು ನಿಂತರೆ ಮತ್ತೆ ಹಳೇ ಮಂಚ, ಟೈರು.

ಹಾಗಾದರೆ ಎಲ್ಲವನ್ನೂ ರಿಪೇರಿ ಮಾಡಬಾರದೇಕೆ? ದುಡ್ಡಿನ ಒಂದು ಕಂದಕ ಇದೆ. ಲೆಕ್ಕಕ್ಕೆ ಅಂತ ಹೇಳುತ್ತೇನೆ: ಪಾಳು ಮನೆಯನ್ನು ವಾಸಕ್ಕೆ ತರಲು ಎರಡೂವರೆ ಲಕ್ಷ ಡಾಲರ್ ಬೇಕು, ರಿಪೇರಿ ಆದ ಮೇಲೆ ಆ ಬೀದಿಯಲ್ಲಿ ಅದು ಹೋಗುವುದು ಒಂದೂವರೆ ಲಕ್ಷಕ್ಕೆ ಅನ್ನಿ. ಆ ಒಂದು ಲಕ್ಷ ಯಾರು ಕೊಡುತ್ತಾರೆ? ಬ್ಯಾಂಕು ಕೊಡಲ್ಲ, ಬಿಲ್ಡರ್ ಕೊಡಲ್ಲ. ಸರ್ಕಾರವೇ ಕೊಡಬೇಕು. ಸಾಲಿನಲ್ಲಿ ಒಂದೇ ಮನೆ ರಿಪೇರಿ ಮಾಡಿದರೆ ಅಕ್ಕಪಕ್ಕದ ಪಾಳು ನೋಡಿ ಬೆಲೆ ಏರುವುದಿಲ್ಲ, ಕಂದಕ ಹಾಗೇ ಉಳಿಯುತ್ತದೆ. ಹತ್ತನ್ನೂ ಒಟ್ಟಿಗೆ ಎತ್ತಿಕೊಂಡರೆ ಕೊನೆಯ ಮನೆಗಳಿಗೆ ಬರುವ ಹೊತ್ತಿಗೆ ಬೆಲೆ ಏರಿ ಕಂದಕ ಕಿರಿದಾಗುತ್ತದೆ. ಆಲಿವರ್ ಮತ್ತು ಜಾನ್‌ಸ್ಟನ್ ಸ್ಕ್ವೇರ್ ಬಡಾವಣೆಗಳಲ್ಲಿ ಚರ್ಚುಗಳ ಒಕ್ಕೂಟವಾದ ಬಿಲ್ಡ್ ಮತ್ತು ರೀಬಿಲ್ಡ್ ಮೆಟ್ರೋ ಸಂಸ್ಥೆ ಮಾಡಿದ್ದು ಇದನ್ನೇ. ಗಟ್ಟಿ ಇದ್ದದ್ದನ್ನು ರಿಪೇರಿ ಮಾಡಿದರು, ಉಳಿಸಲಾಗದ್ದನ್ನು ಕೆಡವಿದರು, ಇದ್ದವರನ್ನು ಎಬ್ಬಿಸಲಿಲ್ಲ. ನಿಧಾನದ ಕೆಲಸ. ಆಲಿವರ್‌ನಲ್ಲಿ ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು. ಆದರೆ ಪಾಳು ಮನೆ ನಿಜವಾಗಿ ಕಡಿಮೆಯಾದದ್ದು ಅಲ್ಲಿ.

2023ರ ಡಿಸೆಂಬರ್‌ನಲ್ಲಿ ಮೇಯರ್ ಬ್ರ್ಯಾಂಡನ್ ಸ್ಕಾಟ್ ಘೋಷಿಸಿದ 15 ವರ್ಷ, 300 ಕೋಟಿ ಡಾಲರ್‌ಗಳ ಯೋಜನೆಯ ಹಿಂದೆ ಇರುವುದು ಈ ಅನುಭವವೇ. ಬಿಲ್ಡ್ ಅದರಲ್ಲಿ ಪಾಲುದಾರ. ಮನೆ ಮನೆ ಅಲ್ಲ, ಬ್ಲಾಕ್ ಬ್ಲಾಕ್ (ಅಡ್ಡರಸ್ತೆಗಳ ನಡುವಿನ ಮನೆಗಳ ಗುಂಪು) ಅನ್ನುವುದು ಅದರ ತಿರುಳು. ಮರುವರ್ಷ ಗವರ್ನರ್ ವೆಸ್ ಮೂರ್ ಐದು ವರ್ಷದಲ್ಲಿ 5,000 ಪಾಳು ಮನೆಗಳನ್ನು ಮತ್ತೆ ಬಳಕೆಗೆ ತರುವ ಗುರಿ ಇಟ್ಟರು. ಅದೇ 2024ರಲ್ಲಿ ಪಾಲಿಕೆ ತನ್ನ 200ಕ್ಕೂ ಹೆಚ್ಚು ಪಾಳು ಮನೆಗಳನ್ನು ತಲಾ 1 ಡಾಲರಿಗೆ ಮಾರಲು ಹೊರಟಿತು. ಒಂದು ಡಾಲರ್ ಅನ್ನುವುದು ತಲೆಬರಹಕ್ಕೆ ಚೆಂದ. ರಿಪೇರಿಗೆ 90,000 ಡಾಲರ್ ಕೈಯಲ್ಲಿದೆ ಅಂತ ಕೊಳ್ಳುವವರು ತೋರಿಸಬೇಕಿತ್ತು. 1970ರ ದಶಕದಲ್ಲೂ ಊರು ಡಾಲರ್ ಮನೆ ಮಾರಿತ್ತು. ಆಗ ಆಟರ್‌ಬೈನ್ ಬಡಾವಣೆ ಎದ್ದು ನಿಂತದ್ದಕ್ಕೆ ಕಾರಣ ಬೆಲೆ ಅಲ್ಲ. ಮನೆಗಳು ಒಂದೇ ಕಡೆ ಗುಂಪಾಗಿದ್ದವು, ಬಂದರು ಹತ್ತಿರವಿತ್ತು, ಕಡಿಮೆ ಬಡ್ಡಿಗೆ ಪಾಲಿಕೆಯೇ ಸಾಲ ಕೊಟ್ಟಿತ್ತು. ಈಗಿನ ಮನೆಗಳು ಊರಲ್ಲೆಲ್ಲ ಚದುರಿವೆ. ಬ್ಲಾಕ್ ಲೆಕ್ಕ ಅಂತ ಒಂದು ಕಡೆ ಹೇಳಿ, ಇನ್ನೊಂದು ಕಡೆ ಚಿಲ್ಲರೆ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಯೋಜನೆಯ ವರದಿಗಳಲ್ಲಿ ಕೆಡವಿದ ಮನೆ ಎಷ್ಟು, ಎದ್ದ ಮನೆ ಎಷ್ಟು ಅಂತ ಅಂಕಿ ಬರುತ್ತದೆ. ನಾನು ಹುಡುಕುವುದು ಬೇರೆ ಅಂಕಿ: ಕೆಲಸ ಶುರುವಾದಾಗ ಆ ಸಾಲಿನಲ್ಲಿ ದೀಪ ಉರಿಯುತ್ತಿದ್ದ ಮೂರು ಮನೆಗಳಲ್ಲಿ ಎಷ್ಟು ಮಂದಿ ಕೆಲಸ ಮುಗಿದಾಗಲೂ ಅಲ್ಲೇ ಇದ್ದಾರೆ? ಬಾಲ್ಟಿಮೋರ್‌ನ ಕೆಲವು ಬೀದಿಗಳಲ್ಲಿ ಸಾಲಿಗೆ ಸಾಲೇ ಹೋಗಿ ನಡುವೆ ಒಂದೇ ಒಂದು ಮನೆ ನಿಂತಿರುವುದನ್ನು ಕಾಣಬಹುದು. ಹನ್ನೆರಡು ಅಡಿ ಅಗಲ, ಎರಡೂ ಬದಿಗೆ ಗಾರೆ ಬಳಿದ ಗೋಡೆ, ಸುತ್ತ ಹುಲ್ಲು. ಮುಂದೆ ಅದೇ ಬಿಳಿ ಮೆಟ್ಟಿಲು, ಕೆಲವು ಕಡೆ ಇನ್ನೂ ತೊಳೆದಿರುತ್ತದೆ.